ಉಕ್ಕಿನ ಟೊಪ್ಪಿಗೆ ನುಡಿಯುವ ಸಾಕ್ಷಿ

ಅಂಚೆಚೀಟಿ, ಹಳೆಯ ನಾಣ್ಯ, ಬೆಂಕಿಪೊಟ್ಟಣದ ಚಿತ್ರ—ಇವುಗಳನ್ನು ಕೂಡಿಹಾಕುವವರನ್ನು ಎಲ್ಲರೂ ಬಲ್ಲರು. ರಣರಂಗದಲ್ಲಿ ಸೈನಿಕರು ಧರಿಸಿದ ಉಕ್ಕಿನ ಶಿರಸ್ತ್ರಾಣಗಳನ್ನು ಅರಸಿ ಸಂಗ್ರಹಿಸುವವರೂ ಯೂರೋಪು, ಅಮೆರಿಕಗಳಲ್ಲಿ ಬಹುಮಂದಿ ಇದ್ದಾರೆ. ತುಕ್ಕು ಹಿಡಿದ ಒಂದು ಟೊಪ್ಪಿಗೆಗೆ ಅವರು ದೊಡ್ಡ ಮೊತ್ತವನ್ನೇ ತೆರುವುದುಂಟು. ಬೆಲೆ ಇದ್ದಲ್ಲಿ ಮೋಸವೂ ಇರುವುದಷ್ಟೆ! ಆದುದರಿಂದ ಅಸಲು ಯಾವುದು, ನಕಲು ಯಾವುದು ಎಂದರಿಯುವುದೇ ಈ ಹವ್ಯಾಸದ ಜೀವಾಳ.

ಬಟ್ಟೆಯಿಂದ ಉಕ್ಕಿಗೆ

1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ ಫ್ರೆಂಚ್ ಸೈನಿಕನ ತಲೆಯ ಮೇಲಿದ್ದುದು ಬಟ್ಟೆಯ ಟೋಪಿ. ಕಂದಕಗಳಲ್ಲಿ ಅಡಗಿದವರ ಮೇಲೆ, ಸಿಡಿದ ಫಿರಂಗಿ ಗುಂಡುಗಳ ಚೂರುಗಳು ಮಳೆಗರೆದವು. ತಲೆಗೆ ಗಾಯವಾಗಿ ಸತ್ತವರು ಅಸಂಖ್ಯ. 1915ರಲ್ಲಿ ಆಡ್ರಿಯಾನ್ ಎಂಬ ಅಧಿಕಾರಿಯ ಹೆಸರಿನ ಶಿರಸ್ತ್ರಾಣ ಬಂದಿತು. ಅದರ ನೆತ್ತಿಯ ಮೇಲೊಂದು ಏಣು, ಹಣೆಯಲ್ಲಿ ದಳದ ಲಾಂಛನ: ಕಾಲಾಳುಗಳಿಗೆ ಉರಿಯುವ ಗ್ರೆನೇಡು, ಫಿರಂಗಿದಳಕ್ಕೆ ಅಡ್ಡಡ್ಡವಾಗಿಟ್ಟ ಎರಡು ಫಿರಂಗಿಗಳು. ಅದೇ ವರ್ಷ ಲಂಡನ್ನಿನಲ್ಲಿ ಜಾನ್ ಬ್ರೋಡಿ ಒಂದೇ ತಗಡನ್ನು ಒತ್ತಿ, ಮಗುಚಿದ ತಟ್ಟೆಯಂತಹ ಟೊಪ್ಪಿಗೆಯನ್ನು ರೂಪಿಸಿದನು. 1916ರಲ್ಲಿ ಬಂದ ಜರ್ಮನ್ ಶಿರಸ್ತ್ರಾಣವು ಕಿವಿ, ಕತ್ತುಗಳನ್ನೂ ಮರೆಮಾಡಿತು.

ಅಂಚಿನಲ್ಲಿ ಅಡಗಿದ ಇತಿಹಾಸ

ಬ್ರೋಡಿಯ ಟೊಪ್ಪಿಗೆಗೆ ಬಹುಬೇಗ ಮ್ಯಾಂಗನೀಸ್ ಬೆರೆತ ಉಕ್ಕನ್ನು ಬಳಸಲಾರಂಭಿಸಿದರು. ಈ ಉಕ್ಕನ್ನು ಅಯಸ್ಕಾಂತವು ಸೆಳೆಯದು. ಆದುದರಿಂದ ಪರೀಕ್ಷಕನ ಜೇಬಿನಲ್ಲಿ ಸಣ್ಣದೊಂದು ಅಯಸ್ಕಾಂತ ಇದ್ದೇ ಇರುತ್ತದೆ.

ಜರ್ಮನ್ ಟೊಪ್ಪಿಗೆಯಲ್ಲಿ ಯುದ್ಧದ ಬಿಕ್ಕಟ್ಟನ್ನೇ ಓದಬಹುದು. 1935ರ ಮಾದರಿಯ ಗಾಳಿಕಿಂಡಿಗಳಿಗೆ ಬೇರೆಯಾಗಿ ಮಾಡಿದ ಪುಟ್ಟ ಬಳೆಗಳಿದ್ದವು. 1940ರಲ್ಲಿ ಕಿಂಡಿಯನ್ನು ತಗಡಿನಲ್ಲಿಯೇ ಒತ್ತಿದರು. 1942ರಲ್ಲಿ ಅಂಚನ್ನು ಒಳಕ್ಕೆ ಮಡಿಸುವ ಕೆಲಸವನ್ನೂ ಬಿಟ್ಟರು. ದುಡಿಮೆಯನ್ನೂ ಸಮಯವನ್ನೂ ಉಳಿಸುವ ಒತ್ತಡ ಹೆಚ್ಚಿದಂತೆ ಅಂಚು ಒರಟಾಯಿತು.

ಅಮೆರಿಕದವರು 1941ರಲ್ಲಿ ಸ್ವೀಕರಿಸಿದ ಎಂ-1 ಮಾದರಿಗೆ ಹೊರಗೆ ಉಕ್ಕಿನ ಚಿಪ್ಪು, ಒಳಗೆ ಹಗುರವಾದ ಇನ್ನೊಂದು ಟೋಪಿ. ಅಂಚುಪಟ್ಟಿಯ ಬೆಸುಗೆ ಮೊದಲು ಮುಂಭಾಗದಲ್ಲಿದ್ದು, 1944ರ ಕೊನೆಯ ವೇಳೆಗೆ ಹಿಂದಕ್ಕೆ ಸರಿಯಿತು.

ನಕಲಿಯ ಕೈಚಳಕ

ನಕಲುಗಾರನು ಅಸಲಿ ಚಿಪ್ಪಿಗೆ ಸುಳ್ಳು ಲಾಂಛನವನ್ನು ಅಂಟಿಸಿ ಬೆಲೆ ಏರಿಸುತ್ತಾನೆ. ಆದರೆ ಜರ್ಮನ್ ಭೂಸೇನೆಯು ಮೂರು ಬಣ್ಣದ ಗುರಾಣಿಚಿತ್ರವನ್ನು 1940ರಲ್ಲಿಯೇ ಕೈಬಿಟ್ಟಿತ್ತು. 1942ರ ಮಡಿಸದ ಅಂಚಿನ ಟೊಪ್ಪಿಗೆಯ ಮೇಲೆ ಆ ಚಿತ್ರ ಹೊಳೆಯುತ್ತಿದ್ದರೆ ಕೊಳ್ಳುವವನು ಎಚ್ಚರವಾಗಬೇಕು! ಒಳಮಗ್ಗುಲಲ್ಲಿ ಒತ್ತಿದ ತಯಾರಕರ ಅಕ್ಷರ, ಅಳತೆಯ ಸಂಖ್ಯೆ, ತೊಗಲಿನ ಸವಕಳಿ—ಇವೆಲ್ಲ ಒಂದಕ್ಕೊಂದು ಹೊಂದಬೇಕು.

ಮೋಸಕ್ಕಿಂತಲೂ ದೊಡ್ಡ ಹಾನಿ ಅತಿಯಾದ ಪ್ರೀತಿಯಿಂದ ಒದಗುತ್ತದೆ. ತುಕ್ಕನ್ನು ಉಜ್ಜಿ ತೆಗೆದು ಹೊಸ ಬಣ್ಣ ಬಳಿದರೆ ಟೊಪ್ಪಿಗೆ ಅಂದವಾಗಿ ಕಾಣಬಹುದು. ಆದರೆ ಅದರ ಸಾಕ್ಷ್ಯ ಅಳಿದುಹೋಗುತ್ತದೆ. ಕೆಲವು ಟೊಪ್ಪಿಗೆಗಳ ಒಳಗೆ ಸೈನಿಕನು ಬರೆದುಕೊಂಡ ಹೆಸರು ಇಂದಿಗೂ ಮಸುಕಾಗಿ ಉಳಿದಿರುತ್ತದೆ. ಆತನು ಮನೆಗೆ ಮರಳಿದನೋ ಇಲ್ಲವೋ, ಆತನ ಗುರುತಾಗಿ ಉಳಿದುದು ಅಷ್ಟೇ ಇರಬಹುದು. ಬಲ್ಲ ಸಂಗ್ರಾಹಕನು ಮೆತ್ತನೆಯ ಬಟ್ಟೆಯಿಂದ ಧೂಳನ್ನು ಮಾತ್ರ ಒರೆಸಿ, ಅದನ್ನು ಇದ್ದಂತೆಯೇ ಕಾಪಾಡುತ್ತಾನೆ.