ಹೊಸ ಟೈಲ್ಸ್ ಮೇಲಿನ ಬಿಳಿ ಪೊರೆಗೆ ಆ್ಯಸಿಡ್ ಬೇಡ

ರಮಝಾನ್ ಹತ್ತಿರವಾದಂತೆ ಹಲವು ಮನೆಗಳಲ್ಲಿ ಬಚ್ಚಲಿಗೆ, ಮಸೀದಿಗಳಲ್ಲಿ ವುಝೂ ಕಟ್ಟೆಗೆ ಹೊಸ ಟೈಲ್ಸ್ ಬೀಳುತ್ತದೆ. ಮೇಸ್ತ್ರಿ ಸಂದಿಗಳಿಗೆ ಗ್ರೌಟ್ ತುಂಬಿ ಹೋದ ಮರುದಿನ ನೋಡಿದರೆ ಟೈಲ್ಸ್ ತುಂಬಾ ಬೂದುಬಿಳಿ ಪೊರೆ. ಒರೆಸಿದಾಗ ಹೋದಂತೆ ಕಾಣುತ್ತದೆ, ಒಣಗಿದೊಡನೆ ಮತ್ತೆ ಮೂಡುತ್ತದೆ. ಆಗ ಅಂಗಡಿಯಿಂದ ಆ್ಯಸಿಡ್ ಬಾಟಲಿ ಬರುತ್ತದೆ. ಅಪಾಯ ಶುರುವಾಗುವುದೇ ಇಲ್ಲಿ.

ಸಾಮಾನ್ಯ ಗ್ರೌಟ್ ಎಂದರೆ ಸಿಮೆಂಟ್ ಮತ್ತು ನಯವಾದ ಮರಳು. ಪೊರೆಯನ್ನು ಕರಗಿಸುವ ಆ್ಯಸಿಡ್ ಸಂದಿಯ ಸಿಮೆಂಟನ್ನೂ ತಿನ್ನುತ್ತದೆ. ಸಂದಿ ಸಡಿಲವಾದರೆ ನೀರು ಇಳಿದು ಬೂಷ್ಟು ಕಟ್ಟುತ್ತದೆ. ಮುಚ್ಚಿದ ಬಚ್ಚಲಲ್ಲಿ ಅದರ ಹೊಗೆ ಕಣ್ಣು, ಗಂಟಲು, ಶ್ವಾಸಕೋಶವನ್ನು ಸುಡುತ್ತದೆ. ಬ್ಲೀಚಿಂಗ್ ಪೌಡರ್ ಜೊತೆ ಸೇರಿದರಂತೂ ಜೀವಕ್ಕೇ ಅಪಾಯವಾದ ಕ್ಲೋರಿನ್ ಅನಿಲ ಏಳುತ್ತದೆ. 2013ರಲ್ಲಿ ಸುಪ್ರೀಂ ಕೋರ್ಟ್, ಗುರುತಿನ ಚೀಟಿ ನೋಡದೆ ಆ್ಯಸಿಡ್ ಮಾರಬಾರದು, 18 ವರ್ಷದೊಳಗಿನವರಿಗೆ ಕೊಡಲೇಬಾರದು ಎಂದಿತು. ಅಂಥ ವಸ್ತುವನ್ನು ಮಕ್ಕಳಿರುವ ಮನೆಯಲ್ಲಿ ಏಕೆ ಇಡಬೇಕು?

ಹೀಗೆ ಮಾಡಿ:

● ಗ್ರೌಟ್ ತುಂಬಿದ ದಿನವೇ, ಅರ್ಧ ಗಂಟೆಯೊಳಗೆ ಒದ್ದೆ ಸ್ಪಂಜಿನಿಂದ ಟೈಲ್ಸ್ ಒರೆಸಲು ಮೇಸ್ತ್ರಿಗೆ ಹೇಳಿ. ಎರಡು ಮೂರು ಗಂಟೆಯ ನಂತರ ಒಣಬಟ್ಟೆಯಿಂದ ತಿಕ್ಕಿ. ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ.

● ಪೊರೆ ಉಳಿದರೆ ಹತ್ತು ದಿನ ಬಿಟ್ಟು, ಮೊದಲು ಸಂದಿಗಳನ್ನು ನೀರಿನಿಂದ ನೆನೆಸಿ. ಒಂದು ಲೋಟ ವಿನೆಗರ್‌ಗೆ ನಾಲ್ಕು ಲೋಟ ನೀರು ಬೆರೆಸಿ ಹಚ್ಚಿ, ಐದು ನಿಮಿಷದ ಬಳಿಕ ನೈಲಾನ್ ಬ್ರಷ್‌ನಿಂದ ಉಜ್ಜಿ ತೊಳೆಯಿರಿ. ವಿನೆಗರನ್ನೂ ಬ್ಲೀಚಿಂಗ್ ಜೊತೆ ಸೇರಿಸಬಾರದು.

● ಮಾರ್ಬಲ್, ಕಡಪ, ಶಹಾಬಾದ್ ಕಲ್ಲಿಗೆ ವಿನೆಗರ್, ನಿಂಬೆಹುಳಿ ಎರಡೂ ಬೇಡ. ಇವು ಸುಣ್ಣದ ಅಂಶದ ಕಲ್ಲುಗಳು, ಹೊಳಪು ಕೆಡುತ್ತದೆ. ಸೋಪು ನೀರು ಸಾಕು.

● ಗಟ್ಟಿ ಉಂಡೆಗಳನ್ನು ನೆನೆಸಿ, ಮರದ ಅಥವಾ ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆಯಿರಿ. ಒಣದಾಗಿ ಕೆರೆದರೆ ಏಳುವ ಮರಳಿನ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

● ಎಪಾಕ್ಸಿ ಗ್ರೌಟಿಗೆ ವಿನೆಗರ್ ನಾಟುವುದಿಲ್ಲ. ಅದೇ ಕಂಪನಿಯ ದ್ರಾವಣ ಕೇಳಿ.

ಹುಲಿಕುಂಟೆ, ಶಿರಾ, ಮಧುಗಿರಿ, ಪಾವಗಡ ಸೀಮೆಯಲ್ಲಿ ಇನ್ನೊಂದು ಮಾತು. ಇಲ್ಲಿನ ಬೋರ್‌ವೆಲ್ ನೀರು ಗಡುಸು. ತೊಳೆದ ನೀರು ತಾನಾಗಿ ಒಣಗಿದರೆ ಅದೇ ಬಿಳಿ ಕಲೆ ಬಿಡುತ್ತದೆ. ಗ್ರೌಟ್ ಇನ್ನೂ ಹೋಗಿಲ್ಲವೆಂದು ಮತ್ತೆ ಮತ್ತೆ ಆ್ಯಸಿಡ್ ಸುರಿಯುವವರಿದ್ದಾರೆ. ತೊಳೆದ ತಕ್ಷಣ ಒಣಬಟ್ಟೆಯಿಂದ ಒರೆಸಿ ನೋಡಿ. ಕಲೆ ಮೂಡದಿದ್ದರೆ ತಪ್ಪು ನೀರಿನದು, ಗ್ರೌಟಿನದಲ್ಲ.

ಕೆಲಸಕ್ಕೆ ರಬ್ಬರ್ ಕೈಗವಸು ಹಾಕಿ, ಕಿಟಕಿ ತೆರೆದಿಡಿ. ಹಸಿ ಸಿಮೆಂಟ್ ಚರ್ಮವನ್ನು ಸುಡುತ್ತದೆ. ಕೈಗೆ, ಉಗುರಿಗೆ ಅಂಟಿ ಒಣಗಿದ ಸಿಮೆಂಟ್ ಪದರ ಚರ್ಮಕ್ಕೆ ನೀರು ತಲುಪಲು ಬಿಡದು. ಆದ್ದರಿಂದ ವುಝೂಗೆ ಮುನ್ನ ಅದನ್ನು ಬಿಡಿಸಿಕೊಳ್ಳಿ. ಮೇಸ್ತ್ರಿ ಕೆಲಸದ ಸಹೋದರರು ಇದನ್ನು ವಿಶೇಷವಾಗಿ ಗಮನಿಸಬೇಕು.

ಕಣ್ಣಿಗೆ ಏನಾದರೂ ಸಿಡಿದರೆ 20 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ. ಹೊಗೆಯಿಂದ ಉಸಿರು ಕಟ್ಟಿದರೆ ಮೊದಲು ಹೊರಗೆ ಗಾಳಿಗೆ ಬನ್ನಿ.

ಶುಚಿತ್ವ ನಮ್ಮ ದೀನ್‌ನ ಭಾಗ. ಅಲ್ಲಾಹನು ಅಮಾನತ್ತಾಗಿ ಕೊಟ್ಟ ಶರೀರವನ್ನು ಕಾಪಾಡುವುದೂ ಅಷ್ಟೇ ಮುಖ್ಯ.