1948ರ ಎರಡು ವಾಸ್ತವಗಳು

1948ರಲ್ಲಿ ವಾಸ್ತವವಾದ ಎರಡು ಬೇರೆ ಬೇರೆ ಮುಖ ತೋರಿತು. ‘ಬೈಸಿಕಲ್ ಥೀವ್ಸ್’ ಚಿತ್ರದಲ್ಲಿ ವಿಟ್ಟೋರಿಯೊ ಡಿ ಸಿಕಾ ಕಳುವಾದ ಸೈಕಲ್ಲಿಗಾಗಿ ರೋಮ್ ನಗರವಿಡೀ ಅಲೆಯುವ ಪೋಸ್ಟರ್ ಅಂಟಿಸುವವನನ್ನು ತೋರಿಸಿದರು. ಅದೇ ವರ್ಷ ‘ಪಾಲಿಟಿಕ್ಸ್ ಅಮಾಂಗ್ ನೇಷನ್ಸ್’ ಪುಸ್ತಕದಲ್ಲಿ ಹಾನ್ಸ್ ಮಾರ್ಗೆಂಥೌ, ದೇಶಗಳ ನಡೆಯನ್ನು ತಿಳಿಯಲು ಬಲದ ಲೆಕ್ಕಾಚಾರವನ್ನೇ ನೋಡಬೇಕೆಂದು ವಾದಿಸಿದರು. ಒಬ್ಬರ ಕಣ್ಣು ಅಧಿಕಾರವಿಲ್ಲದವನ ಮೇಲೆ, ಇನ್ನೊಬ್ಬರದು ಅಧಿಕಾರದ ಮೇಲೆ. ಹಾಗಾಗಿ ಇದ್ದದ್ದನ್ನು ಇದ್ದಂತೆ ಹಿಡಿಯುವುದೇ ವಾಸ್ತವವಾದ ಎಂಬುದು ಅರ್ಧಸತ್ಯ. ಏನನ್ನು ಹಿಡಿಯಬೇಕೆಂಬ ಆಯ್ಕೆ ಮೊದಲೇ ಆಗಿರುತ್ತದೆ. ಡಿ ಸಿಕಾ ವೃತ್ತಿನಟರನ್ನು ಬಿಟ್ಟು ಕಾರ್ಖಾನೆಯ ಕಾರ್ಮಿಕ ಲ್ಯಾಂಬರ್ಟೊ ಮಜ್ಜೊರಾನಿಯನ್ನು ನಾಯಕನಾಗಿಸಿದ್ದು ನಿಜ. ಆದರೆ ಆ ಸಹಜತೆಯ ಹಿಂದೆ ಲುಯಿಜಿ ಬಾರ್ತೊಲಿನಿಯ ಕಾದಂಬರಿಯಿತ್ತು, ಚೆಸಾರೆ ಜವಟ್ಟೀನಿ ಮೊದಲಾದ ಹಲವರು ಹೆಣೆದ ಚಿತ್ರಕಥೆಯಿತ್ತು. (ಸಹಜವಾಗಿ ಕಾಣಲು ಎಷ್ಟು ಕೈಗಳ ಕಸುಬು ಬೇಕು ನೋಡಿ!)

ಎಲ್ಲವೂ ಆಯ್ಕೆಯೇ ಆದರೆ ವಾಸ್ತವವಾದಕ್ಕೂ ಕಟ್ಟುಕಥೆಗೂ ಏನು ವ್ಯತ್ಯಾಸ ಎಂದು ಕೇಳಬಹುದು. ತನಗೆ ಒಗ್ಗದ ಸಂಗತಿಗೂ ಜಾಗ ಕೊಡುವುದರಲ್ಲಿದೆ ವ್ಯತ್ಯಾಸ. ಬಡವನ ಪರ ನಿಂತ ಡಿ ಸಿಕಾ ಕೊನೆಗೆ ಅವನ ಕೈಯಲ್ಲೇ ಸೈಕಲ್ ಕದಿಸಿದರು. ಬಲವನ್ನೇ ಮುಂದಿಟ್ಟ ಮಾರ್ಗೆಂಥೌ ಮುಂದೆ ವಿಯೆಟ್ನಾಂ ಯುದ್ಧವನ್ನು ಬಹಿರಂಗವಾಗಿ ವಿರೋಧಿಸಿದರು. ಅದು ಅಮೆರಿಕದ ಹಿತಕ್ಕೇ ಹೊಂದುವುದಿಲ್ಲವೆಂಬುದು ಅವರ ವಾದವಾಗಿತ್ತು.