ಶರಣರ ಮರಣ: ಗಾದೆ ಮತ್ತು ಕಥನ

ಶರಣರ ಹಿರಿಮೆಯನ್ನು ಅವರ ಮರಣದಲ್ಲಿ ಕಾಣಬೇಕೆಂಬ ಅರ್ಥದ ಗಾದೆಮಾತು ಕನ್ನಡ ಜನಪದರಲ್ಲಿ ಬಳಕೆಯಲ್ಲಿದೆ. ಸತ್ಪುರುಷರ ಸಾವು ಸಾಮಾನ್ಯರ ಸಾವಿನಂತಿರಲಾರದೆಂಬ ನಂಬಿಕೆ ಇದರ ಹಿಂದಿದೆ. ‘ಸತ್ತರು’ ಎನ್ನದೆ ‘ಲಿಂಗೈಕ್ಯರಾದರು’, ‘ಬಯಲಾದರು’, ‘ಬೃಂದಾವನಸ್ಥರಾದರು’ ಎನ್ನುವುದೂ ಇದೇ ನಂಬಿಕೆಯಿಂದ. ಆದರೆ ಸಾವಿನ ರೀತಿಯು ಪಾವಿತ್ರ್ಯಕ್ಕೆ ಸಾಕ್ಷಿಯಾಗಬಲ್ಲುದೇ ಎಂಬ ಪ್ರಶ್ನೆಗೆ ಕಥನಗಳು ನೀಡುವ ಉತ್ತರ ಅಷ್ಟು ಸರಳವಾಗಿಲ್ಲ.

12ನೆಯ ಶತಮಾನದ ಬಸವಣ್ಣನವರ ಅಂತ್ಯವನ್ನೇ ಗಮನಿಸಬಹುದು. ವೀರಶೈವ ಪುರಾಣಗಳ ಪ್ರಕಾರ ಅವರು ಕೂಡಲಸಂಗಮದಲ್ಲಿ ಸಂಗಮನಾಥನಲ್ಲಿ ಐಕ್ಯರಾದರು. ಜೈನಕೃತಿಯಾದ ‘ಬಿಜ್ಜಳರಾಯ ಚರಿತೆ’ಯಾದರೋ ಬಸವ ಉಳವಿಗೆ ಓಡಿಹೋಗಿ, ಬೆನ್ನಟ್ಟಿದವರಿಗೆ ಅಂಜಿ ಬಾವಿಗೆ ಹಾರಿದನೆನ್ನುತ್ತದೆ. ಸಲ್ಲೇಖನವನ್ನು ಆದರ್ಶ ಮರಣವೆಂದು ಎಣಿಸುವ ಪರಂಪರೆಗೆ ಇದಕ್ಕಿಂತ ಹೀನವಾದ ಸಾವಿಲ್ಲ. ಗಾದೆಯ ತತ್ತ್ವವನ್ನು ಎರಡೂ ಪಕ್ಷಗಳು ಒಪ್ಪಿವೆ. ಒಪ್ಪಿದ್ದರಿಂದಲೇ ಒಬ್ಬರ ಸಾವು ಎರಡಾಗಿದೆ. ಅದೇ ಉಳವಿಯು ಶರಣ ಪರಂಪರೆಗೆ ಚೆನ್ನಬಸವಣ್ಣನವರ ಐಕ್ಯಕ್ಷೇತ್ರವೆಂಬುದು ಕುತೂಹಲಕರ.

ನೆಮ್ಮದಿಯ ಅಥವಾ ಪವಾಡದ ಸಾವೇ ಒರೆಗಲ್ಲಾದರೆ ಹರಳಯ್ಯ, ಮಧುವರಸರಿಗೆ ಎಡೆಯೇ ಇರದು. ತಮ್ಮ ಮಕ್ಕಳ ವರ್ಣಾಂತರ ವಿವಾಹಕ್ಕಾಗಿ ಅವರು ಎಳೆಹೂಟೆಯ ಶಿಕ್ಷೆಗೊಳಗಾದರೆಂದು ಪರಂಪರೆ ನೆನೆಯುತ್ತದೆ. ಅರಸನ ಲೆಕ್ಕದಲ್ಲಿ ಅದು ಅಪರಾಧಿಗಳ ಸಾವು. ಜನಪದರು ಅದನ್ನು ಮರೆಮಾಚಲಿಲ್ಲ, ಐಕ್ಯದ ಪವಾಡವಾಗಿಯೂ ತಿದ್ದಲಿಲ್ಲ. ಆ ಯಾತನೆಯನ್ನೇ ಹಿರಿಮೆಯಾಗಿ ಓದಿದರು.

ಶರಣರ ಅಂತ್ಯಕ್ಕೆ ಕಣ್ಣಾರೆ ಕಂಡವರ ದಾಖಲೆಗಳಿಲ್ಲವಾದ್ದರಿಂದ, ಅಂಥ ದಾಖಲೆಗಳುಳ್ಳ ಸಮೀಪಕಾಲದ ನಿದರ್ಶನವೊಂದನ್ನು ನೋಡುವುದು ಉಚಿತ. ತಮಿಳುನಾಡಿನ ತಿರುವಣ್ಣಾಮಲೈಯ ರಮಣ ಮಹರ್ಷಿಗಳ ಎಡದೋಳಿನಲ್ಲಿ ಗೆಡ್ಡೆ ಬೆಳೆದು, ಹಲವು ಶಸ್ತ್ರಚಿಕಿತ್ಸೆಗಳೂ ಫಲಿಸದೆ, 14 ಏಪ್ರಿಲ್ 1950ರ ರಾತ್ರಿ ಅವರು ದೇಹ ಬಿಟ್ಟರು. ಆ ಹೊತ್ತಿನಲ್ಲಿ ಆಕಾಶದಲ್ಲಿ ಬೆಳಕೊಂದು ಅರುಣಾಚಲದತ್ತ ಸರಿಯಿತೆಂದು ಹಲವರು ಹೇಳಿದ್ದಾರೆ. ಅಂದು ಅಲ್ಲಿದ್ದ ಫ್ರೆಂಚ್ ಛಾಯಾಗ್ರಾಹಕ ಹೆನ್ರಿ ಕಾರ್ತಿಯೆ-ಬ್ರೆಸಾನ್ ಕೂಡ ಅದನ್ನು ಕಂಡವನು. ಭಕ್ತರ ಬರಹಗಳಲ್ಲಿ ವ್ರಣದ ವಿವರವೂ ಬೆಳಕಿನ ವಿವರವೂ ಜೊತೆಯಾಗಿಯೇ ಉಳಿದಿವೆ. ಉಲ್ಕೆಗಳು ಬೇರೆ ರಾತ್ರಿಗಳಲ್ಲಿಯೂ ಬೀಳುತ್ತವೆ. ಆದರೆ ಆ ರಾತ್ರಿಯ ಬೆಳಕು ಯಾರದೆಂಬುದನ್ನು ನೋಡಿದವರು ಮೊದಲೇ ಬಲ್ಲವರಾಗಿದ್ದರು.